ಡ್ರೈವರುಗಳಲ್ಲಿ ಮೆಮೊರಿಯ ಆಶ್ರಯವಿಚಾರ

ಗಣಕಯಂತ್ರಕ್ಕೆ ಜೋಡಿಸಿದ ಕ್ಯಾಮೆರಾ ಮೊದಲಾದ ಉಪಕರಣವನ್ನು ನಡೆಸತಕ್ಕ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು. ಲಿನಕ್ಸ್ ಕರ್ನಲ್ಲಿನಲ್ಲಿ ಉಪಕರಣವು ಕಂಡೊಡನೆ ಡ್ರೈವರಿನ ‘ಪ್ರೋಬ್’ ಎಂಬ ಭಾಗವು ನಡೆದು, ಅದರ ಸ್ಥಿತಿಯನ್ನು ಬರೆದಿಡಲು ಮೆಮೊರಿಯನ್ನು ಪಡೆಯುವುದು. ಪಡೆದುದನ್ನು ಬಿಡತಕ್ಕ ಕಾಲ ಯಾವುದೆಂಬುದೇ ಇಲ್ಲಿ ವಿಚಾರಣೀಯ. ಬಿಡದಿದ್ದರೆ ಯಂತ್ರವನ್ನು ನಿಲ್ಲಿಸುವವರೆಗೆ ಆ ಸ್ಥಳವು ವ್ಯರ್ಥ. ಅಕಾಲದಲ್ಲಿ ಬಿಟ್ಟರೆ ಅನರ್ಥ.

ಮೊದಲು ‘ಕೆಮ್ಯಾಲಾಕ್’ ಎಂದು ಪಡೆದುದನ್ನು ‘ಕೆಫ್ರೀ’ ಎಂದು ಕೈಯಾರೆ ಬಿಡಬೇಕಾಗಿದ್ದಿತು. ಪ್ರೋಬ್ ನಡುವೆ ವಿಫಲವಾದರೆ, ಅದುವರೆಗೆ ಪಡೆದುದೆಲ್ಲವನ್ನೂ ವಿಲೋಮಕ್ರಮದಿಂದ ಬಿಡುವುದು ಆವಶ್ಯಕ. ಇದರಲ್ಲಿ ಎಡವುವುದು ಸುಲಭ. 2007ರಲ್ಲಿ, 2.6.21ನೆಯ ಆವೃತ್ತಿಯೊಡನೆ, ತೇಜುನ್ ಹಿಯೋ ಎಂಬವರು ರಚಿಸಿದ ‘ಡೆವ್‌ರೆಸ್’ ವ್ಯವಸ್ಥೆಯು ಬಂದಿತು. ಇದರ ‘ಡೆವ್‌ಎಮ್’ ಕರೆಗಳಿಂದ ಪಡೆದ ಮೆಮೊರಿಯು ಉಪಕರಣಕ್ಕೆ ಕಟ್ಟಲ್ಪಟ್ಟು, ಡ್ರೈವರ್ ಬೇರ್ಪಟ್ಟೊಡನೆ ತಾನಾಗಿ ಬಿಡುಗಡೆ ಹೊಂದುವುದು. ಸೌಕರ್ಯವು ಸ್ಪಷ್ಟವೇ ಆಗಿದೆ.

ಆಶ್ರಯವು ನಾಶವಾದರೆ ಆಶ್ರಿತವಾದ ಗುಣವೂ ನಾಶವಾಗುವುದೆಂದು ವೈಶೇಷಿಕರು ಹೇಳುವರಷ್ಟೆ. ಹಾಗಾದರೆ ಈ ಮೆಮೊರಿಗೆ ಆಶ್ರಯ ಯಾವುದು? ಉಪಕರಣವೆಂಬುದು ಡೆವ್‌ಎಮ್ ಪಕ್ಷ. ಇದು ಸರ್ವತ್ರ ಯುಕ್ತವಲ್ಲ. ಹೇಗೆಂದರೆ, ಬಳಸುವವನಿಗೆ ಉಪಕರಣವು ಒಂದು ಕಡತದ ರೂಪದಲ್ಲಿ ಕಾಣುವುದು. ಒಬ್ಬನು ಯು.ಎಸ್.ಬಿ. ಕ್ಯಾಮೆರಾದ ಕಡತವನ್ನು ತೆರೆದು ಚಿತ್ರವನ್ನು ನೋಡುತ್ತಿರುವಾಗಲೇ ತಂತಿಯನ್ನು ಕಿತ್ತನೆನ್ನೋಣ. ಡ್ರೈವರ್ ಬೇರ್ಪಟ್ಟಿತು, ಮೆಮೊರಿಯೂ ಹೋಯಿತು. ಕಡತವು ಮಾತ್ರ ತೆರೆದೇ ಇದೆ. ಅವನು ಅದನ್ನು ಮುಚ್ಚುವಾಗ ಡ್ರೈವರಿನ ‘ರಿಲೀಸ್’ ಭಾಗವು ಹಳೆಯ ವಿಳಾಸವನ್ನೇ ಹಿಡಿದು ಹೋಗುವುದು. ಅಷ್ಟರಲ್ಲಿ ಆ ಸ್ಥಳದಲ್ಲಿ ಬೇರೊಂದು ವಸ್ತುವು ನೆಲೆಸಿರಬಹುದು. ಕರ್ನಲ್ ಕುಸಿದುಬೀಳುವುದೂ ಉಂಟು. ದುಷ್ಟರಿಗೆ ಅದೇ ಕನ್ನವಾಗುವುದೂ ಉಂಟು. ಬೇರ್ಪಡುವಾಗ ಕೈಯಾರೆ ಕೆಫ್ರೀ ಮಾಡಿದರೂ ಇದೇ ಗತಿಯಾದುದರಿಂದ ದೋಷವು ಡೆವ್‌ಎಮ್‌ನದಲ್ಲ, ಆಶ್ರಯನಿರ್ಣಯದ್ದು. ಆದರೂ ಡೆವ್‌ಎಮ್ ಆ ಪ್ರಶ್ನೆಯನ್ನೇ ಮರೆಯಿಸುವುದೆಂದು ನನ್ನ ಅಭಿಪ್ರಾಯ.

ಇಂಟರಪ್ಟ್ ಮೊದಲಾದುವಕ್ಕೆ ಉಪಕರಣವೇ ಆಶ್ರಯ; ಅಲ್ಲಿ ಡೆವ್‌ಎಮ್ ಸಾಧುವೇ. ಕಡತದ ಮೂಲಕ ಮುಟ್ಟಲ್ಪಡುವ ಮೆಮೊರಿಗಾದರೋ ಅದನ್ನು ಹಿಡಿದವರೆಲ್ಲರೂ ಆಶ್ರಯ. ಇದಕ್ಕಾಗಿ ‘ಕೆ-ರೆಫ್’ ಎಂಬ ಎಣಿಕೆಯಿದೆ. ಡ್ರೈವರ್ ಹಿಡಿದಿರುವಾಗ 1. ಇಬ್ಬರು ತೆರೆದರೆ 3. ತಂತಿ ಕಿತ್ತಾಗ 2. ಇಬ್ಬರೂ ಮುಚ್ಚಿದಾಗ 0, ಆಗಲೇ ಬಿಡುಗಡೆ.

ಎಣಿಕೆಯು ಮೆಮೊರಿಯನ್ನು ಉಳಿಸುವುದೇ ಹೊರತು ಕ್ಯಾಮೆರಾವನ್ನಲ್ಲ. ಆದುದರಿಂದ ಉಪಕರಣವು ಹೋಯಿತೆಂಬ ಗುರುತನ್ನು ಬೀಗದ ರಕ್ಷಣೆಯಲ್ಲಿ ಬರೆದಿಟ್ಟು, ಅನಂತರ ಓದಬಂದವನಿಗೆ ಉಪಕರಣವಿಲ್ಲವೆಂಬ ಉತ್ತರವನ್ನು ಕೊಡತಕ್ಕುದು.