ವಾಸಿಯಾಯ್ತು ಅಂತ ಮಾತ್ರೆ ಬಿಡೋ ಮುಂಚೆ

ಇವತ್ತಿನ ವಿಷಯ ಹುಟ್ಟಿದ್ದು ಹರದನಹಳ್ಳಿಯಿಂದ ಬಂದ ಒಂದು ವಾಯ್ಸ್ ಮೆಸೇಜಿನಿಂದ. ಹೆಸರು ಹೇಳೋದಿಲ್ಲ. ನಾನೂ ಚಾಮರಾಜನಗರದ ಕಡೆಯವಳೇ, ಹಾಗಾಗಿ ಅವರ ಮಾತನ್ನ ಅವರ ಧಾಟಿಯಲ್ಲೇ ಹೇಳ್ತೀನಿ: "ಅಕ್ಕ, ಬೆಂಗ್ಳೂರಲ್ಲಿ ಡಾಕ್ಟ್ರು ಡಿಪ್ರೆಶನ್‌ಗೆ ಮಾತ್ರೆ ಕೊಟ್ಟಿದ್ರು. ಎರಡು ತಿಂಗ್ಳು ತಕ್ಕಂಡೆ, ಚೆನ್ನಾಗೇ ಆದೆ. ಊರಿಗ್ ಬಂದೆ, ಮಾತ್ರೆ ಮುಗ್ದೋಯ್ತು, ಇನ್ಯಾಕೆ ಅಂತ ಬುಟ್ಬುಟ್ಟೆ. ಮೂರ್ನೇ ದಿನಕ್ಕೆ ತಲೆ ಗಿರ್ ಅಂತದೆ, ತಲೆ ಒಳಗೆ ಕರೆಂಟ್ ಹೊಡ್ದಂಗಾಯ್ತದೆ. ನಮ್ಮವ್ವ ಅಂತಾಳೆ, ನೀನು ಮಾತ್ರೆಗೆ ಅಡಿಕ್ಟ್ ಆಗೋಗಿದ್ದೀಯ ಅಂತ. ನಿಜವಾ?"

ನಿಜ ಅಲ್ಲ. ಆದ್ರೆ ಅವ್ವನಿಗೆ ಹಾಗನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ, ಹೊರಗಿಂದ ನೋಡಿದ್ರೆ ಹಾಗೇ ಕಾಣುತ್ತೆ. ಚಟ ಅಂದ್ರೆ ಬೇಕು ಬೇಕು ಅನ್ನೋ ಹಂಬಲ, ದಿನ ಕಳೆದಂತೆ ಹೆಚ್ಚು ಹೆಚ್ಚು ಬೇಕಾಗೋದು, ಅದಕ್ಕಾಗಿ ಉಳಿದದ್ದನ್ನೆಲ್ಲ ಬಿಡೋದು. ಡಿಪ್ರೆಶನ್ ಮಾತ್ರೆಗೆ ಯಾರೂ ಹಾಗೆ ಹಂಬಲಿಸೋದಿಲ್ಲ. ಇಲ್ಲಿ ಆಗೋದೇ ಬೇರೆ. ವಾರಗಟ್ಟಲೆ ಮಾತ್ರೆ ಒಳಗೆ ಹೋದಾಗ ಮಿದುಳು ಅದಕ್ಕೆ ಹೊಂದಿಕೊಂಡಿರುತ್ತೆ. ಒಮ್ಮೆಲೇ ನಿಲ್ಲಿಸಿದ್ರೆ ಹೊಂದಾಣಿಕೆ ತಪ್ಪಿ ತಲೆಸುತ್ತು, ವಾಕರಿಕೆ, ಕೆಟ್ಟ ಕನಸು, ಸಿಡುಕು, ಕರೆಂಟ್ ಹೊಡೆದಂಥ ಅನುಭವ ಎಲ್ಲ ಬರುತ್ತೆ.

ಮೂರನೇ ದಿನವೇ ಯಾಕೆ? ಅವರು ಚೀಟಿಯ ಫೋಟೋ ಕಳಿಸಿದ್ರು. ಎಸ್ಸಿಟಾಲೋಪ್ರಾಮ್ 10 ಮಿಲಿಗ್ರಾಂ. ಈ ಔಷಧಿ ರಕ್ತದಲ್ಲಿ ಅರ್ಧಕ್ಕಿಳಿಯೋಕೆ ಸುಮಾರು 30 ಗಂಟೆ ಬೇಕು. ಲೆಕ್ಕ ಹಾಕಿ: ಮೂರನೇ ದಿನದ ಹೊತ್ತಿಗೆ ಕಾಲು ಭಾಗಕ್ಕೆ ಬಂದಿರುತ್ತೆ. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಥರದವು ಇನ್ನೂ ಬೇಗ ಖಾಲಿಯಾಗ್ತವೆ, ಅದಕ್ಕೇ ಅವುಗಳಲ್ಲಿ ಈ ಕಾಟ ಜಾಸ್ತಿ. ಫ್ಲುಆಕ್ಸೆಟಿನ್ ಮಾತ್ರ ವಾರಗಟ್ಟಲೆ ಮೈಯಲ್ಲಿ ಉಳಿಯೋದ್ರಿಂದ ತಾನಾಗೇ ನಿಧಾನಕ್ಕೆ ಇಳಿಯುತ್ತೆ.

ಹಾಗಾದ್ರೆ ಏನ್ ಮಾಡ್ಬೇಕು? ಬರೆದುಕೊಟ್ಟ ಡಾಕ್ಟರಿಗೇ ಫೋನ್ ಮಾಡಿ. ಸಾಮಾನ್ಯವಾಗಿ ಅದೇ ಡೋಸ್ ಮತ್ತೆ ಶುರು ಮಾಡಿಸ್ತಾರೆ, ಸರಿಯಾದ ಸಮಯ ಬಂದಾಗ ವಾರಗಳ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸ್ತಾರೆ. ನೀವೇ "ದಿನ ಬಿಟ್ಟು ದಿನ ತಗೊಂಡು ನಿಲ್ಲಿಸ್ತೀನಿ" ಅಂತ ಪ್ಲಾನ್ ಮಾಡ್ಬೇಡಿ. ಔಷಧಿಯ ಮಟ್ಟ ಉಯ್ಯಾಲೆ ಥರ ಏರಿಳಿದು ತೊಂದರೆ ಇನ್ನೂ ಹೆಚ್ಚಬಹುದು. ಒಂದು ದಿನ ಮರೆತುಹೋಯ್ತು ಅಂತಿಟ್ಕೊಳ್ಳಿ, ಮಾರನೇ ದಿನ ಎರಡು ನುಂಗೋದೂ ಬೇಡ.

ತಲೆಸುತ್ತು ಕೆಲವು ದಿನ ಇದ್ದು ಹೋಗಬಹುದು. ನನಗೆ ಅದಕ್ಕಿಂತ ಹೆಚ್ಚು ಭಯ ಹುಟ್ಟಿಸಿದ್ದು ಅವರ "ಎರಡು ತಿಂಗ್ಳು" ಅನ್ನೋ ಮಾತು. ಚೆನ್ನಾಗಿದ್ದೀನಿ ಅನ್ನಿಸಿದ ಮೇಲೂ ಕನಿಷ್ಠ 6ರಿಂದ 9 ತಿಂಗಳು ಮಾತ್ರೆ ಮುಂದುವರಿಸಬೇಕು ಅನ್ನೋದು ಡಾಕ್ಟರುಗಳು ಸಾಮಾನ್ಯವಾಗಿ ಪಾಲಿಸೋ ಲೆಕ್ಕ. ಹಿಂದೆಯೂ ಡಿಪ್ರೆಶನ್ ಬಂದುಹೋಗಿದ್ರೆ ಇನ್ನೂ ಹೆಚ್ಚು ಕಾಲ. ಮಾತ್ರೆ ಕೆಲಸ ಮಾಡ್ತಿರೋದ್ರಿಂದಲೇ ಚೆನ್ನಾಗಿರ್ತೀವಿ, ಚೆನ್ನಾಗಿರೋದ್ರಿಂದ ಮಾತ್ರೆ ಬಿಡ್ತೀವಿ. ಬಿಟ್ಟದ್ದರ ಕಾಟ ಕೆಲವೇ ದಿನಕ್ಕೆ, ಮೈಯಲ್ಲೇ ಗೊತ್ತಾಗುತ್ತೆ. ಡಿಪ್ರೆಶನ್ ವಾಪಸ್ ಬರೋದು ಹಾಗಲ್ಲ, ವಾರ ತಿಂಗಳು ಕಳೆದು ಸದ್ದಿಲ್ಲದೆ ಬರುತ್ತೆ. ಆಗ ಅದಕ್ಕೂ ಮಾತ್ರೆ ಬಿಟ್ಟದ್ದಕ್ಕೂ ಸಂಬಂಧ ಇದೆ ಅಂತ ಮನೆಯಲ್ಲಿ ಯಾರಿಗೂ ಹೊಳೆಯೋದೇ ಇಲ್ಲ. ಎಷ್ಟು ಕಾಲ ತಗೋಬೇಕು, ಹೇಗೆ ನಿಲ್ಲಿಸಬೇಕು ಅನ್ನೋದನ್ನ ಚೀಟಿ ಬರೆಯೋ ದಿನವೇ ಎರಡು ನಿಮಿಷ ಕೂರಿಸಿ ಹೇಳಬೇಕು ಅನ್ನೋದು ನನ್ನ ಅಭಿಪ್ರಾಯ. ಹೇಳ್ಲಿಲ್ವಾ? ನಾವೇ ಕೇಳೋಣ, ನಾಚಿಕೆ ಬೇಡ.

ಈಗ ಶುರು ಮಾಡೋರ ವಿಷಯ. ಜ್ವರದ ಮಾತ್ರೆ ಥರ ಇದು ಸಂಜೆಗೇ ಕೆಲಸ ಮಾಡಲ್ಲ. ಎರಡರಿಂದ ನಾಲ್ಕು ವಾರ, ಕೆಲವರಿಗೆ ಆರು ವಾರವೂ ಬೇಕು. ವಾಕರಿಕೆ, ತಲೆನೋವು, ನಿದ್ದೆಗೆಡೋದು, ಚಡಪಡಿಕೆ ಮಾತ್ರ ಮೊದಲ ವಾರವೇ ಹಾಜರ್. ಅಂದ್ರೆ ಲಾಭಕ್ಕಿಂತ ಮುಂಚೆ ಕಷ್ಟ ಬರುತ್ತೆ. ಬಹಳ ಜನ ಇಲ್ಲೇ ಕೈಬಿಡ್ತಾರೆ.

ಇನ್ನೊಂದು ಮಾತು, 25 ವರ್ಷದೊಳಗಿನವರು ಸ್ವಲ್ಪ ಗಮನ ಕೊಟ್ಟು ಕೇಳಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಈ ಮಾತ್ರೆಗಳ ಮೇಲೆ ಮಕ್ಕಳು, ಹದಿಹರೆಯದವರ ವಿಷಯದಲ್ಲಿ ಎಚ್ಚರಿಕೆ ಹಾಕಿಸಿತು. 2007ರಲ್ಲಿ ಅದನ್ನ 24 ವರ್ಷದವರೆಗೆ ವಿಸ್ತರಿಸಿತು. ಶುರುವಿನ ವಾರಗಳಲ್ಲಿ, ಡೋಸ್ ಬದಲಾದಾಗ ಕೆಲವು ಎಳೆಯರಲ್ಲಿ ಸಾಯೋ ಯೋಚನೆ ಹೆಚ್ಚಾಗಬಹುದು ಅನ್ನೋದೇ ಆ ಎಚ್ಚರಿಕೆ. ಮಾತ್ರೆ ಮುಟ್ಟಲೇಬೇಡಿ ಅಂತ ಅದರ ಅರ್ಥ ಅಲ್ಲ, ಚಿಕಿತ್ಸೆ ಇಲ್ಲದ ಡಿಪ್ರೆಶನ್ನೇ ಜೀವಕ್ಕೆ ದೊಡ್ಡ ಅಪಾಯ. ಅರ್ಥ ಇಷ್ಟೇ: ಆ ದಿನಗಳಲ್ಲಿ ಒಬ್ಬರೇ ಇರಬೇಡಿ. ರೂಮ್‌ಮೇಟೋ, ಅಕ್ಕನೋ, ಒಬ್ಬರಿಗಾದ್ರೂ ವಿಷಯ ಗೊತ್ತಿರಲಿ, ಮಾತ್ರೆಯನ್ನೂ ಅವರೇ ಇಟ್ಕೊಳ್ಳಲಿ. ಅಂಥ ಯೋಚನೆ ಬಂದ್ರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಅದೇ ದಿನ ಹೇಳಿ. ಇದಕ್ಕೆ ಉಲ್ಟಾ, ನಿದ್ದೆಯೇ ಬೇಡ ಅನ್ನಿಸೋದು, ಮಾತು ನಿಲ್ಲದೇ ಇರೋದು, ಕೈಗೆ ಸಿಕ್ಕಷ್ಟು ದುಡ್ಡು ಖರ್ಚು ಮಾಡೋದು ಕಂಡ್ರೂ ಹೇಳಬೇಕು. ಅದು ಬೈಪೋಲಾರ್ ಇರಬಹುದು, ಅದರ ಔಷಧಿಯೇ ಬೇರೆ.

ನಮ್ಮ ಕಡೆ ಒಂದು ಅಭ್ಯಾಸ ಇದೆ. ಬಾಳೆಗೊನೆ ಹೊತ್ತು, ಅರಿಶಿನ ಅಗೆದು ಮೈಕೈ ನೋವಾದ್ರೆ ನೆಟ್ಟಗೆ ಮೆಡಿಕಲ್ ಸ್ಟೋರಿಗೆ ಹೋಗಿ "ಒಂದು ನೋವಿನ ಮಾತ್ರೆ ಕೊಡಣ್ಣ" ಅನ್ನೋದು. ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್ ತಗೊಳ್ಳೋರು ಡೈಕ್ಲೋಫೆನಾಕ್, ಐಬುಪ್ರೊಫೆನ್ ಜೊತೆಗೆ ನುಂಗಿದ್ರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗೋ ಸಾಧ್ಯತೆ ಹೆಚ್ಚುತ್ತೆ. ಪ್ಯಾರಾಸಿಟಮಾಲ್ ವಾಸಿ. ಟ್ರಮಡಾಲ್ ಇರೋ ನೋವಿನ ಮಾತ್ರೆ, ಡೆಕ್ಸ್ಟ್ರೊಮೆಥಾರ್ಫಾನ್ ಇರೋ ಕೆಮ್ಮಿನ ಸಿರಪ್ ಇನ್ನೂ ಅಪಾಯ. ಮೈಯಲ್ಲಿ ಸೆರೊಟೊನಿನ್ ಅತಿಯಾಗಿ ನಡುಕ, ಬೆವರು, ಜೋರು ಎದೆಬಡಿತ, ಜ್ವರ, ಗೊಂದಲ ಶುರುವಾಗಬಹುದು. ಹಾಗಾದ್ರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಅಂಗಡಿಯಲ್ಲಿ ಒಂದೇ ವಾಕ್ಯ ಸಾಕು: "ನಾನು ಈ ಮಾತ್ರೆ ತಗೋತಿದ್ದೀನಿ, ಜೊತೆಗೆ ಇದು ಆಗುತ್ತಾ?" ಹೇಳೋಕೆ ಮುಜುಗರ ಆದ್ರೆ ಫೋನಲ್ಲಿರೋ ಸ್ಟ್ರಿಪ್ಪಿನ ಫೋಟೋ ತೋರಿಸಿ.

ಸ್ಟ್ರಿಪ್ ಅಂದಾಗ ನೆನಪಾಯ್ತು. ಬ್ರ್ಯಾಂಡ್ ಹೆಸರಿನ ಪಕ್ಕ "ಪ್ಲಸ್" ಅಂತಿದ್ರೆ ಹಿಂದೆ ತಿರುಗಿಸಿ ಓದಿ. ಕೆಲವು ಪ್ಲಸ್ ಮಾತ್ರೆಗಳಲ್ಲಿ ಕ್ಲೋನಜೆಪಾಮ್ ಸೇರಿರುತ್ತೆ. ಅವ್ವ ಹೇಳಿದ ಚಟದ ಭಯ ಸಲ್ಲೋದು ಅದಕ್ಕೆ. ಅದನ್ನ ಸಾಮಾನ್ಯವಾಗಿ ಕೆಲವೇ ವಾರಗಳ ಮಟ್ಟಿಗೆ ಕೊಡ್ತಾರೆ. ಡಾಕ್ಟರ್ ಹೇಳದೆ ತಿಂಗಳುಗಟ್ಟಲೆ ಅದೇ ಚೀಟಿ ತೋರಿಸಿ ತರಬಾರದು, ಅಭ್ಯಾಸ ಆಗಿದ್ರೆ ಒಮ್ಮೆಲೇ ಬಿಡಲೂ ಬಾರದು. ಅದರ ಜೊತೆ ಎಣ್ಣೆ ಹಾಕಿದ್ರೆ ಉಸಿರಾಟಕ್ಕೇ ಕುತ್ತು.

ಲೈಂಗಿಕ ಆಸಕ್ತಿ ಕಡಿಮೆಯಾಗೋದು ಈ ಮಾತ್ರೆಗಳ ಸಾಮಾನ್ಯ ಅಡ್ಡಪರಿಣಾಮ. ಯಾರೂ ಬಾಯಿಬಿಡಲ್ಲ, ಸುಮ್ಮನೆ ಮಾತ್ರೆ ಬಿಡ್ತಾರೆ. ಡಾಕ್ಟರಿಗೆ ಹೇಳಿದ್ರೆ ಡೋಸನ್ನೋ ಮಾತ್ರೆಯನ್ನೋ ಬದಲಿಸೋ ದಾರಿ ಇದೆ. ಗರ್ಭಿಣಿ ಅಂತ ಗೊತ್ತಾದಾಗಲೂ ಗಾಬರಿಯಿಂದ ನಿಲ್ಲಿಸಬೇಡಿ, ಮೊದಲು ಕೇಳಿ.

ಕೆಲವರ ಮನೆಯಲ್ಲಿ "ಗಾಳಿ ಸೋಕಿದೆ, ಮಾದಪ್ಪನ ಬೆಟ್ಟಕ್ಕೆ ಹೋಗಿ ಬಾ" ಅಂತಾರೆ. ಹೋಗಿ ಬನ್ನಿ, ನಾನೂ ಹೋಗ್ತೀನಿ. ನಾಲ್ಕು ದಿನದ ಮಾತ್ರೆ ಚೀಲದಲ್ಲಿರಲಿ, ಅಷ್ಟೇ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಸುಮಾರು 20 ವಯಸ್ಕರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದ್ರೂ ಡಿಪ್ರೆಶನ್ ಬಂದಿರುತ್ತೆ. ಆ ಲೆಕ್ಕದಲ್ಲಿ ಬೆಟ್ಟದ ಬಸ್ಸಿನಲ್ಲೇ ಇನ್ನಿಬ್ಬರು ಇರ್ತಾರೆ.

ಬೆಂಗಳೂರಿನ ಡಾಕ್ಟರ್ ಸಿಗ್ತಿಲ್ಲ, ಮಾತ್ರೆ ಮುಗಿದಿದೆ ಅಂದ್ರೆ? ಹರದನಹಳ್ಳಿಯವರಿಗೆ ಚಾಮರಾಜನಗರ ಹತ್ತಿರವೇ. ಅಲ್ಲಿ ಸಿಮ್ಸ್ ಮೆಡಿಕಲ್ ಕಾಲೇಜಿನ ಸರ್ಕಾರಿ ಆಸ್ಪತ್ರೆ ಇದೆ, ಹಳೇ ಚೀಟಿ ತಗೊಂಡು ಮನೋವೈದ್ಯರನ್ನ ಕೇಳಿ. ಗುಂಡ್ಲುಪೇಟೆ ಕಡೆಯವರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ. ಈ ಕಾರ್ಯಕ್ರಮಕ್ಕೆ ಇಟ್ಟಿರೋ ದಿನ ಮಂಗಳವಾರ, ಆದ್ರೂ ಫೋನ್ ಮಾಡಿ ಖಚಿತ ಮಾಡ್ಕೊಂಡೇ ಬಸ್ ಹತ್ತಿ. ದುಡ್ಡಿನ ಚಿಂತೆ ಇದ್ರೆ ಜನೌಷಧಿ ಕೇಂದ್ರದಲ್ಲಿ ಬ್ರ್ಯಾಂಡ್ ಬದಲು ಔಷಧಿಯ ಹೆಸರು ಹೇಳಿ ಕೇಳಿ, ಬೆಲೆ ಎಷ್ಟೋ ಕಡಿಮೆ. ರಾತ್ರಿ ಎರಡು ಗಂಟೆಗೆ ಯಾರೂ ಇಲ್ಲ ಅನ್ನಿಸಿದ್ರೆ 14416. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಿಂದ ಇರೋ ಸರ್ಕಾರಿ ಸಹಾಯವಾಣಿ, 24 ಗಂಟೆ, ಉಚಿತ. ಕನ್ನಡದಲ್ಲೇ ಮಾತಾಡಬಹುದು.