ನೆನಪಿನ ಚಿತ್ರಗಳಿಗೆ ಎರಡು ಮನೆ

ಶಿರೂರೆಂದೊಡನೆ ಕರಾವಳಿಯವರಿಗೆ ನೆನಪಾಗುವುದು ಬೈಂದೂರಿನ ಬಳಿಯ ಊರು. ಪುಣೆ ಜಿಲ್ಲೆಯಲ್ಲಿಯೂ ಒಂದು ಶಿರೂರಿದೆ. ಪುಣೆಯಿಂದ ಅಹಿಲ್ಯಾನಗರಕ್ಕೆ ಹೋಗುವ ಹೆದ್ದಾರಿಯಲ್ಲಿ, ಘೋಡ ನದಿಯ ದಡದಲ್ಲಿರುವ ತಾಲೂಕು ಪಟ್ಟಣವದು. ಸಮೀಪದ ರಾಂಜಣಗಾಂವಿನಲ್ಲಿ ಅಷ್ಟವಿನಾಯಕರಲ್ಲೊಬ್ಬನ ದೇವಾಲಯವೂ ದೊಡ್ಡ ಕೈಗಾರಿಕಾ ವಸಾಹತೂ ಇವೆ. ಇಲ್ಲಿ ಹೋಟೆಲಿನ ಗಲ್ಲೆಯಲ್ಲೋ ಕಚೇರಿಯ ಮೇಜಿನ ಮುಂದೋ ದುಡಿಯುವ ಕನ್ನಡಿಗನ ಹುಟ್ಟೂರು ಇಂದು ಅವನ ಜೇಬಿನಲ್ಲಿದೆ. ತಂಗಿಯ ಮದುವೆ, ಮಗುವಿನ ನಾಮಕರಣ, ಕಳೆದ ರಜೆಯಲ್ಲಿ ಜಗಲಿಯ ಮೇಲೆ ಕುಳಿತಿದ್ದ ತಂದೆಯವರು, ಎಲ್ಲವೂ ಫೋನಿನೊಳಗೇ.

ಆ ಫೋನು ಕೈಜಾರಿ ಪಾತ್ರೆ ತೊಳೆಯುವ ತೊಟ್ಟಿಗೆ ಬಿದ್ದರೆ ಗತಿಯೇನು? ಹೊಸ ಫೋನು ಕೊಳ್ಳಬಹುದು. ಆ ಜಗಲಿಯ ಚಿತ್ರವನ್ನು ಮತ್ತೆ ತೆಗೆಯಲಾದೀತೆ? ಗೂಗಲ್ ಸಂಸ್ಥೆಯು ಚಿತ್ರಗಳಿಗೆ ಮಿತಿಯಿಲ್ಲದೆ ನೀಡುತ್ತಿದ್ದ ಉಚಿತ ಸ್ಥಳವು ೨೦೨೧ರ ಜೂನ್ ೧ಕ್ಕೆ ಕೊನೆಗೊಂಡಿತು. ಈಗ ದೊರೆಯುವ ೧೫ ಜಿ.ಬಿ. ಉಚಿತ ಸ್ಥಳದಲ್ಲಿ ಇ-ಅಂಚೆಗೂ ಪಾಲಿದೆ. ಆದುದರಿಂದ ಹೊರಗಿನಿಂದ ಜೋಡಿಸುವ ಡ್ರೈವ್ ಒಂದನ್ನು ಕೊಳ್ಳುವುದು ಜಾಣತನ.

ಇವುಗಳಲ್ಲಿ ಎರಡು ಬಗೆ. ಹಾರ್ಡ್ ಡಿಸ್ಕಿನೊಳಗೆ ತಟ್ಟೆಯೊಂದು ತಿರುಗುತ್ತದೆ. ಬೆಲೆ ಕಡಮೆ, ಆದರೆ ಕೆಳಗೆ ಬಿದ್ದರೆ ಕೆಡುವ ಭಯವುಂಟು. ಎಸ್.ಎಸ್.ಡಿ.ಯಲ್ಲಿ ತಿರುಗುವ ಭಾಗವಿಲ್ಲ. ಬೆಲೆ ಹೆಚ್ಚು, ಪೆಟ್ಟನ್ನು ತಾಳುವ ಶಕ್ತಿಯೂ ಹೆಚ್ಚು. ಹತ್ತು ಜನ ಒಂದೇ ಕೋಣೆಯಲ್ಲಿ ಮಲಗುವವರಿಗೆ ಎರಡನೆಯದೇ ಲೇಸು. ಒಂದು ಚಿತ್ರಕ್ಕೆ ೪ ಎಂ.ಬಿ. ಎಂದು ಎಣಿಸಿದರೆ ೧ ಟಿ.ಬಿ.ಯಲ್ಲಿ ಸುಮಾರು ಎರಡೂವರೆ ಲಕ್ಷ ಚಿತ್ರಗಳು ಹಿಡಿಯುತ್ತವೆ. ಅಗ್ಗದ ಬೆಲೆಗೆ ೧೬ ಟಿ.ಬಿ. ಎಂದು ಕೂಗಿ ಮಾರುವುದನ್ನು ನಂಬಬಾರದು. ಅಂಥವುಗಳಲ್ಲಿ ಹೇಳಿದಷ್ಟು ಸ್ಥಳವಿರುವುದಿಲ್ಲ. ತುಂಬಿದ ಮೇಲೆ ಹಾಕಿದ ಚಿತ್ರಗಳು ಹಾಳಾಗುತ್ತವೆ.

ಕೊಂಡ ಡ್ರೈವನ್ನು ಚಿತ್ರ ತುಂಬುವ ಮೊದಲೇ ಫಾರ್ಮ್ಯಾಟ್ ಮಾಡಬೇಕು. ಫಾರ್ಮ್ಯಾಟ್ ಮಾಡಿದರೆ ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಹಳೆಯ ಡ್ರೈವಾದರೆ ಎರಡು ಬಾರಿ ಯೋಚಿಸಿರಿ. ವಿಂಡೋಸ್ ಕಂಪ್ಯೂಟರಿನಲ್ಲಿ ಡ್ರೈವಿನ ಹೆಸರಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿದರೆ ‘ಫಾರ್ಮ್ಯಾಟ್’ ಎಂಬುದು ಕಾಣುತ್ತದೆ. ಫಾರ್ಮ್ಯಾಟಿನ ಬಗೆಗಳಲ್ಲಿ ಮೂರು ಹೆಸರುಗಳ ಗೊಂದಲ. ಫ್ಯಾಟ್-೩೨ರಲ್ಲಿ ೪ ಜಿ.ಬಿ.ಗಿಂತ ದೊಡ್ಡ ಫೈಲು ಹಿಡಿಯದು. ಮದುವೆಯ ವೀಡಿಯೊ ಹೊರಗುಳಿದೀತು. ಎನ್.ಟಿ.ಎಫ್.ಎಸ್. ಆದರೆ ಮ್ಯಾಕ್ ಕಂಪ್ಯೂಟರು ಓದೀತೇ ಹೊರತು, ಸಾಮಾನ್ಯವಾಗಿ ಬರೆಯದು. ಎಕ್ಸ್-ಫ್ಯಾಟ್ ಎರಡರಲ್ಲಿಯೂ ನಡೆಯುತ್ತದೆ, ಅನೇಕ ಫೋನುಗಳಲ್ಲಿಯೂ ನಡೆಯುತ್ತದೆ. ನಮ್ಮ ಸಲಹೆ ಅದೇ. ಆದರೆ ಕೆಲಸ ಮುಗಿದೊಡನೆ ‘ಇಜೆಕ್ಟ್’ ಮಾಡದೆ ತಂತಿಯನ್ನು ಕೀಳಬಾರದು. ಬರೆಯುತ್ತಿರುವಾಗ ಕಿತ್ತರೆ ಫೈಲುಗಳು ಕೆಡಬಹುದು. ಬಳಿಕ ವರ್ಷಕ್ಕೊಂದು ಕಡತ ಮಾಡಿ, ಚಿತ್ರಗಳನ್ನು ತುಂಬಿ, ನಾಲ್ಕಾರನ್ನು ತೆರೆದು ನೋಡಿರಿ. ಅಲ್ಲಿಯವರೆಗೆ ಫೋನಿನಿಂದ ಏನನ್ನೂ ಅಳಿಸದಿರಿ.

ಕೊನೆಯದಾಗಿ ಒಂದು ಮಾತು. ಒಂದೇ ಡ್ರೈವಿನಲ್ಲಿರುವುದು ಕಾಪಿಟ್ಟಂತಲ್ಲ; ಅದೂ ಒಂದು ದಿನ ಕೆಡುವ ವಸ್ತುವೇ. ಒಂದು ದೊಡ್ಡದಕ್ಕೆ ಬದಲು ಎರಡು ಸಣ್ಣವನ್ನು ಕೊಳ್ಳಿರಿ. ಒಂದು ಘೋಡ ನದಿಯ ಶಿರೂರಿನಲ್ಲಿ ನಿಮ್ಮ ಬಳಿಯಿರಲಿ, ಇನ್ನೊಂದು ಊರಿನ ಮನೆಯ ಬೀರುವಿನಲ್ಲಿರಲಿ. ರಜೆಗೆ ಹೋದಾಗಲೆಲ್ಲ ಅದನ್ನು ಜೋಡಿಸಿ, ಹೊಸ ಚಿತ್ರಗಳನ್ನು ಸೇರಿಸಿರಿ. ಆ ನೆಪದಲ್ಲಿ ಮನೆಮಂದಿಯೆಲ್ಲ ಜಗಲಿಯಲ್ಲಿ ಕೂಡಿ ನೋಡುವಂತಾದರೆ ಅದಕ್ಕಿಂತ ಲಾಭ ಬೇರೇನು?