ಗೋಡಂಬಿಯ ಸುಡುವ ಕಾವಲು

ಪೋರ್ಚುಗೀಸರು 16ನೆಯ ಶತಮಾನದಲ್ಲಿ ಬ್ರೆಜಿಲ್‌ನಿಂದ ಗೋವೆಗೆ ತಂದ ಗೋಡಂಬಿ ಮರ ಇಂದು ನೆರೆಯ ಖಾನಾಪುರ ತಾಲೂಕಿನ ನಂದಗಡ ಸೀಮೆಗೂ ಪರಿಚಿತ. ಓಡಲಾರದ ಸಸ್ಯಕ್ಕೆ ರಾಸಾಯನಿಕವೇ ಆಯುಧ. ಅದನ್ನು ತಯಾರಿಸಲು ಬೆಳವಣಿಗೆಗೆ ಬೇಕಾದ ಶಕ್ತಿಯೇ ಖರ್ಚಾಗಬೇಕು. ಆದ್ದರಿಂದ ಎಲ್ಲ ಭಾಗಗಳಿಗೂ ಸಮ ಕಾವಲಿಲ್ಲ, ಅಮೂಲ್ಯವಾದುದಕ್ಕೆ ಹೆಚ್ಚು.

ಗೋಡಂಬಿಯ ಹಣ್ಣು ರಸಭರಿತ. ಪ್ರಾಣಿಗಳು ಅದನ್ನು ತಿಂದು ಬೀಜವನ್ನು ದೂರ ಎಸೆಯಲೆಂಬ ಆಮಿಷವದು. ಮುಂದಿನ ಪೀಳಿಗೆಯಾದ ಬೀಜಕ್ಕೆ ಮಾತ್ರ ಬಿಗಿ ಭದ್ರತೆ. ಚಿಪ್ಪಿನ ಜೇನುಗೂಡಿನಂಥ ಪದರದಲ್ಲಿ ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ತುಂಬಿದ ಕಟು ಎಣ್ಣೆಯಿದೆ. ಒಳಗಿನ ತಿರುಳು ಸಿಹಿ.

ಕೀಟ, ಶಿಲೀಂಧ್ರಗಳನ್ನು ತಡೆಯುವ ಈ ಎಣ್ಣೆಗೆ ಮನುಷ್ಯರೆಂಬ ರಿಯಾಯಿತಿಯಿಲ್ಲ. ಬರಿಗೈಯಲ್ಲಿ ಚಿಪ್ಪು ಒಡೆದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ನಮ್ಮ ಪಾಯಸದ ಗೋಡಂಬಿಗೆ ಮರ ವಿಧಿಸಿದ ಸುಂಕವನ್ನು ಕೈಗವಸಿಲ್ಲದ ಕೂಲಿಕಾರ್ತಿಯರ ಬೆರಳುಗಳು ತೆರುತ್ತವೆ.